ಕಡಲಿನ ತೈಲಸ್ಥಾವರಗಳೂ ಹಡಗುಗಳೂ

ಕಡಲಿನ ತೈಲಸ್ಥಾವರಗಳ ಸುತ್ತ 500 ಮೀಟರುಗಳವರೆಗೆ ರಕ್ಷಣಾವಲಯವನ್ನು ವಿಧಿಸಲು 1982ರ ಅಂತರರಾಷ್ಟ್ರೀಯ ಸಮುದ್ರ ಒಡಂಬಡಿಕೆಯು ರಾಷ್ಟ್ರಗಳಿಗೆ ಅಧಿಕಾರವಿತ್ತಿದೆ. ಅನ್ಯ ಹಡಗುಗಳನ್ನು ದೂರವಿರಿಸಿದರೆ ಅಪಾಯವು ತಪ್ಪಿತೆಂದು ನಂಬುವುದು ಸಹಜವೇ. ಆದರೆ ಮುಂಬಯಿಯಿಂದ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರು ದೂರದ ಮುಂಬಯಿ ಹೈ ಕ್ಷೇತ್ರದಲ್ಲಿ 2005ರ ಜುಲೈ 27ರಂದು ನಡೆದ ದುರಂತವು ಈ ನಂಬಿಕೆಯನ್ನು ಸುಳ್ಳುಮಾಡಿತು. ಅಂದು ಸ್ಥಾವರಕ್ಕೆ ಬಡಿದದ್ದು ಅದರ ಸೇವೆಗೆಂದೇ ಇದ್ದ ‘ಸಮುದ್ರ ಸುರಕ್ಷಾ’ ಹಡಗು. ಬೆರಳು ಕತ್ತರಿಸಿಕೊಂಡ ತನ್ನ ಅಡಿಗೆಯವನೊಬ್ಬನನ್ನು ಸ್ಥಾವರಕ್ಕೆ ಸೇರಿಸಲು ಅದು ಮಳೆಗಾಲದ ಹೆದ್ದೆರೆಗಳ ನಡುವೆ ಸಮೀಪಿಸಿತ್ತು. ಅನಿಲದ ಕೊಳವೆಗೆ ಹಡಗು ತಗುಲಿತು; ಸೋರಿದ ಅನಿಲವು ಹೊತ್ತಿಕೊಂಡು ಸುಮಾರು ಎರಡು ತಾಸುಗಳಲ್ಲಿ ಸ್ಥಾವರವೇ ನಾಶವಾಯಿತು. 22 ಜನರು ಪ್ರಾಣ ಕಳೆದುಕೊಂಡರು.

ಗಾಯಾಳುವಿಗೆ ನೆರವಾಗತಕ್ಕುದೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಒಬ್ಬನಿಗೆ ನೆರವಾಗುವ ಅವಸರದಲ್ಲಿ ನೂರಾರು ಮಂದಿಯ ಪ್ರಾಣವು ಪಣಕ್ಕೊಡ್ಡಲ್ಪಡದಂತೆ ನಿಯಮವು ಮೊದಲೇ ಸಿದ್ಧವಿರಬೇಕು. ಯಾವ ಗಾಳಿ, ಎಷ್ಟು ಎತ್ತರದ ಅಲೆಯಿದ್ದಾಗ ಹಡಗು ಸಮೀಪಿಸಕೂಡದೆಂಬುದು ನಿಶ್ಚಿತವಾಗಿರಬೇಕು. ಅದರ ಯಂತ್ರಗಳ ಪರೀಕ್ಷೆಯು ವಲಯದ ಹೊರಗೇ ಮುಗಿಯಬೇಕು. ಗಾಳಿಯು ಸ್ಥಾವರದತ್ತ ತಳ್ಳುವ ಮಗ್ಗುಲಲ್ಲಿ ಹಡಗನ್ನು ನಿಲ್ಲಿಸಬಾರದು. ಕೊಳವೆಗಳಿಗೆ ಬಲವಾದ ಕಾಪಿರಬೇಕು. ಹೊರಗಿನವರಿಗೆ ವಿಧಿಸಿದ ಕಟ್ಟುನಿಟ್ಟು ತಮ್ಮವರಿಗೂ ಸಲ್ಲದಿದ್ದರೆ ರಕ್ಷಣಾವಲಯವು ನಕಾಶೆಯ ಮೇಲಣ ಗೆರೆಯಾಗಿಯೇ ಉಳಿದೀತು.