ಹಟಮಾರಿ ಯಾರು ಮಾರಾಯ್ರೆ?

ಬಿಜೈಯ ನಮ್ಮ ಫ್ಲ್ಯಾಟ್‌ನಲ್ಲಿ ಒಂದು ಡ್ಯಾಶ್‌ಹಂಡ್ ಉಂಟು. ಗಿಡ್ಡ ಕಾಲು, ಉದ್ದ ಬೆನ್ನು, ಕರೆದರೆ ಬರುವುದಿಲ್ಲ. ಹಟ ಇಳಿಸುತ್ತೇನೆ ಅಂತ ಒಬ್ಬ ಟ್ರೇನರ್ ಕುತ್ತಿಗೆಗೆ ಚೋಕ್ ಚೈನ್ ಹಾಕಿ ಜಗ್ಗಿದ. ಫೀಸು ಕೊಟ್ಟ ನಾನು ಸುಮ್ಮನೆ ನೋಡುತ್ತ ನಿಂತಿದ್ದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಜರ್ಮನಿಯವರು ಈ ತಳಿ ಬೆಳೆಸಿದ್ದೇ ಬ್ಯಾಡ್ಜರ್ ಎಂಬ ಪ್ರಾಣಿಯ ಬಿಲಕ್ಕೆ ನುಗ್ಗಿಸಲು. ನೆಲದಡಿಯ ಕತ್ತಲಲ್ಲಿ ಯಜಮಾನ ಇರುವುದಿಲ್ಲ. ನುಗ್ಗಬೇಕೋ ಹಿಂದೆ ಸರಿಯಬೇಕೋ ನಾಯಿಯೇ ತೀರ್ಮಾನಿಸಬೇಕು. ಆ ಸ್ವಂತ ಬುದ್ಧಿಗೇ ನಾವಿಟ್ಟ ಹೆಸರು ಹಟ! ಮೇಲಾಗಿ ಇವಕ್ಕೆ ಬೆನ್ನಿನ ಡಿಸ್ಕ್ ತೊಂದರೆ ಬೇಗ ಬರುತ್ತದೆ. ಅಂಥದ್ದನ್ನು ಜಗ್ಗುವುದಾ?

ಊರಲ್ಲಿ ನಮ್ಮ ನಾಯಿಗೆ ಟ್ರೇನಿಂಗ್ ಇರಲಿಲ್ಲ, ಕೆಲಸ ಇತ್ತು: ತೋಟದ ಮಂಗ ಓಡಿಸುವುದು. ಇಲ್ಲಿ ಹತ್ತು ಗಂಟೆ ಒಂಟಿಯಾಗಿ ಕೂಡಿಹಾಕಿ ಸಂಜೆ 'ಸಿಟ್' ಅಂದರೆ ಅದು ಯಾಕೆ ಕೇಳಬೇಕು? ಮ್ಯಾನೇಜರ್ ಎಲ್ಲದಕ್ಕೂ ತಲೆಹಾಕಿದರೆ ಕೆಲಸ ಬಿಡುವವರು ನಾವೇ ಅಲ್ಲವಾ?

ಈಗ ದಿನಕ್ಕೆ ಮೂರು ಸಲ, ಐದೈದು ನಿಮಿಷ ಕಲಿಸುತ್ತೇನೆ. ಬಂದ ಕೂಡಲೇ ಕೋಳಿ ಚೂರು. ಬಾರದಿದ್ದರೆ ಬೈಗುಳ ಇಲ್ಲ. ಸಂಜೆ ಅರ್ಧ ಗಂಟೆ ಅದು ಮೂಸಿದಲ್ಲೆಲ್ಲ ನಾನು ನಿಲ್ಲುತ್ತೇನೆ. ಹತ್ತು ಸಲ ಕರೆದರೆ ಏಳು ಸಲ ಬರುತ್ತದೆ. ಅಷ್ಟೂ ಪುರುಸೊತ್ತಿಲ್ಲದವರು ಗೊಂಬೆ ಸಾಕಿ, ನಾಯಿ ಬೇಡ.