ಮನೆಗೆ ಚಕ್ರ ಬಂದಾಗ

ನಾವು ಮನೆಗೆ ಬೀಗ ಹಾಕಿ ಪ್ರವಾಸ ಹೊರಡೋ ಜನ. ಅಮೆರಿಕದಲ್ಲಿ ಮನೆಯನ್ನೇ ಓಡಿಸಿಕೊಂಡು ಹೊರಡೋರಿದ್ದಾರೆ. ಆ ಗಾಡಿಗೆ ಆರ್‌ವಿ ಅಂತಾರೆ. ಹೊರಗಿಂದ ನೋಡಿದ್ರೆ ನಮ್ಮೂರಿನ ಮಿನಿ ಬಸ್ಸು. ಬಾಗಿಲು ತೆಗೆದರೆ ಗ್ಯಾಸ್ ಒಲೆ, ಸಿಂಕು, ಫ್ರಿಜ್ಜು, ಊಟದ ಮೇಜು, ಬಚ್ಚಲು, ಹಿಂದುಗಡೆ ಮಂಚ. ಸಿಯಾಟಲ್‌ನಲ್ಲಿ ಕೆಲಸ ಮಾಡೋ ನಾನೂ ನನ್ನ ಗಂಡನೂ ಕಳೆದ ಸೆಪ್ಟೆಂಬರ್‌ನಲ್ಲಿ ಅಂಥದ್ದೊಂದು 25 ಅಡಿ ಗಾಡಿಯನ್ನು ಬಾಡಿಗೆಗೆ ತಗೊಂಡು, ಐದು ದಿನ ಕ್ಯಾಸ್ಕೇಡ್ ಬೆಟ್ಟಗಳನ್ನು ಸುತ್ತಿ ಬಂದೆವು. ಈ ಅಳತೆಯ ಗಾಡಿಗೆ ಮಾಮೂಲಿ ಕಾರಿನ ಲೈಸೆನ್ಸೇ ಸಾಕು.

ಮೊದಲು ಗಾಡಿಯೊಳಗಿನ ಸಂಸಾರದ ಬಗ್ಗೆ ಹೇಳಬೇಕು. ಬಾಗಿಲ ಪಕ್ಕ ಒಂದು ಪುಟ್ಟ ಫಲಕ ಇರುತ್ತೆ. ಬಟನ್ ಒತ್ತಿದರೆ ಸಾಲಾಗಿ ದೀಪ ಹತ್ತಿಕೊಂಡು ಒಳ್ಳೆ ನೀರು ಎಷ್ಟಿದೆ, ಪಾತ್ರೆ ತೊಳೆದ, ಸ್ನಾನ ಮಾಡಿದ ನೀರು ಎಷ್ಟಾಗಿದೆ, ಶೌಚದ ಟ್ಯಾಂಕ್ ಎಷ್ಟು ತುಂಬಿದೆ, ಗ್ಯಾಸ್ ಎಷ್ಟಿದೆ, ಬ್ಯಾಟರಿ ಎಷ್ಟಿದೆ ಎಲ್ಲ ತೋರಿಸುತ್ತೆ. ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತೆ, ಬಳಸಿದ ನೀರು ಎಲ್ಲಿಗೋ ಹೋಗುತ್ತೆ. ಇಲ್ಲಿ ಎರಡೂ ನಿಮ್ಮ ಕಾಲಡಿಯಲ್ಲೇ ಇರುತ್ತವೆ! ಟ್ಯಾಂಕ್ ಖಾಲಿ ಮಾಡೋಕೆ ಗ್ಲೌಸ್ ಹಾಕ್ಕೊಂಡು, ದಪ್ಪ ಪೈಪ್ ಸಿಕ್ಕಿಸಿ, ಮೊದಲು ಶೌಚದ ಟ್ಯಾಂಕಿನ ವಾಲ್ವ್ ತೆಗೀಬೇಕು, ಆಮೇಲೆ ಪಾತ್ರೆ ನೀರಿಂದು. ಆ ನೀರು ಪೈಪನ್ನೂ ತೊಳೆದುಬಿಡುತ್ತೆ. ಬಾಡಿಗೆ ಕೊಟ್ಟವರು ಎಲ್ಲವನ್ನೂ ಪಟ್ಟಿ ಮಾಡಿದ ಹಾಳೆ ಕೊಟ್ಟಿದ್ದರು: ಹೊರಡುವ ಮುಂಚೆ ಕಿಟಕಿ, ಗ್ಯಾಸ್, ಕಪಾಟಿನ ಚಿಲಕ, ಫ್ರಿಜ್ ಬಾಗಿಲು. ಒಬ್ಬರು ಓದೋದು, ಇನ್ನೊಬ್ಬರು ಹೋಗಿ ನೋಡೋದು. ಹಂಚಿಕೊಳ್ಳೋಕೆ ಒಂದು ಮಾತೂ ಬೇಕಾಗಲಿಲ್ಲ.

ಇನ್ನು ದಾರಿ. ಸಿಯಾಟಲ್ ಕಡೆಯಿಂದ ಪೂರ್ವಕ್ಕೆ ಯು.ಎಸ್. 2 ಹೆದ್ದಾರಿ ಹಿಡಿದರೆ 4,061 ಅಡಿ ಎತ್ತರದ ಸ್ಟೀವನ್ಸ್ ಪಾಸ್ ಸಿಗುತ್ತೆ. ಹತ್ತುವಾಗ ದಟ್ಟ ಹಸಿರು, ಪಾಚಿ, ಮಂಜು. ಇಳಿಯುತ್ತಾ ಹೋದ ಹಾಗೆ ಮರ ತೆಳುವಾಗಿ, ಬೆಟ್ಟದ ಬಣ್ಣ ಒಣ ಹುಲ್ಲಿನ ಬಣ್ಣಕ್ಕೆ ತಿರುಗುತ್ತೆ. ಆಗುಂಬೆಯಿಂದ ಚಿತ್ರದುರ್ಗದ ಕಡೆ ಹೋದವರಿಗೆ ಇದು ಹೊಸದಲ್ಲ. ಸಮುದ್ರದ ಮೋಡ ಬೆಟ್ಟದ ಈಚೆಗೇ ಮಳೆ ಸುರಿಸಿಬಿಡುತ್ತೆ, ಆಚೆ ಕಡೆಗೆ ಉಳಿಯೋದು ಬಿಸಿಲು. ಆಚೆ ಇರೋ ವೆನ್ಯಾಚಿಯಲ್ಲಿ ವರ್ಷಕ್ಕೆ 10 ಇಂಚು ಮಳೆಯೂ ಬೀಳಲ್ಲ.

ಅಂಥ ಊರು ತನ್ನನ್ನು ಜಗತ್ತಿನ ಸೇಬಿನ ರಾಜಧಾನಿ ಅಂತ ಕರೆದುಕೊಳ್ಳುತ್ತೆ! ಕಾರಣ ಹಿಮ ಕರಗಿದ ಹೊಳೆ ನೀರು. 1903ರಲ್ಲಿ ಹೈಲೈನ್ ಕಾಲುವೆ ಬಂದ ಮೇಲೆ ಕಣಿವೆ ಪೂರ್ತಿ ತೋಟವಾಯಿತು. ಇವತ್ತು ಅಮೆರಿಕ ಬೆಳೆಯೋ ಸೇಬಿನಲ್ಲಿ ಅರ್ಧಕ್ಕಿಂತ ಹೆಚ್ಚು ವಾಷಿಂಗ್ಟನ್ ರಾಜ್ಯದ್ದೇ. ಬೆಂಗಳೂರಿನ ಹಣ್ಣಿನಂಗಡಿಯಲ್ಲಿ ಸ್ಟಿಕ್ಕರ್ ಅಂಟಿಸಿಕೊಂಡು ಕೂತಿರೋ ‘ವಾಷಿಂಗ್ಟನ್ ಆಪಲ್’ ಇದೇ ರಾಜ್ಯದ್ದು. ಪಕ್ಕದಲ್ಲೇ ಕ್ಯಾಶ್ಮಿಯರ್ ಅನ್ನೋ ಪುಟ್ಟ ಊರಿದೆ. ಆ ಹೆಸರು ನಮ್ಮ ಕಾಶ್ಮೀರ ಕಣಿವೆಯದ್ದೇ.

ರಸ್ತೆ ಪಕ್ಕದ ತೋಟಗಳಲ್ಲಿ ಕೊಯ್ಲು ನಡೀತಿತ್ತು. ಇಷ್ಟೆಲ್ಲ ಯಂತ್ರ ಇರೋ ದೇಶದಲ್ಲೂ ಸೇಬನ್ನು ಕೈಯಲ್ಲೇ ಕೀಳಬೇಕು, ಒಂದು ಪೆಟ್ಟು ಬಿದ್ದರೂ ಕಪ್ಪಾಗುತ್ತೆ. ಎದೆಗೆ ಚೀಲ ಕಟ್ಟಿಕೊಂಡು ಏಣಿ ಹತ್ತಿ, ಕಿತ್ತು, ಇಳಿದು, ಸುಮಾರು 400 ಕಿಲೋ ಹಿಡಿಯೋ ಪೆಟ್ಟಿಗೆಗೆ ಮೆಲ್ಲಗೆ ಸುರೀತಾರೆ. ಈ ಕೆಲಸಕ್ಕೆ ಬರೋರಲ್ಲಿ ಹೆಚ್ಚಿನವರು ಮೆಕ್ಸಿಕೋದವರು, ಎಷ್ಟೋ ಜನ ಕೊಯ್ಲಿನ ಕಾಲಕ್ಕೆಂದೇ ವೀಸಾ ಪಡೆದು ಸಂಸಾರ ಬಿಟ್ಟು ಬಂದವರು. ಕಿತ್ತ ಹಣ್ಣು ಆಮ್ಲಜನಕ ತಗ್ಗಿಸಿದ ತಣ್ಣನೆ ಕೋಣೆಗಳಲ್ಲಿ ತಿಂಗಳುಗಟ್ಟಲೆ ಮಲಗಿರುತ್ತೆ. ನಾವು ಏಪ್ರಿಲ್‌ನಲ್ಲಿ ಕಚ್ಚೋ ಗರಿಗರಿ ಸೇಬು ಹಿಂದಿನ ವರ್ಷದ್ದಾಗಿರಬಹುದು. ಸ್ಟಿಕ್ಕರ್‌ನಲ್ಲಿ ಇದ್ಯಾವುದೂ ಇರಲ್ಲ.

ಆ ಸಂಜೆ ಶೆಲ್ಯಾನ್ ಸರೋವರದ ದಂಡೆಯಲ್ಲಿ ಗಾಡಿ ನಿಲ್ಲಿಸಿದೆವು. ಸುಮಾರು 80 ಕಿ.ಮೀ. ಉದ್ದದ, 1,486 ಅಡಿ ಆಳದ ಸರೋವರ. ಅನ್ನ-ಸಾರು ಆಯ್ತು. ಅವನು ಚೆಕ್‌ಲಿಸ್ಟ್ ಹಾಳೆ ನೋಡ್ತಾ, “ನಮ್ಮ ಮನೆಗೂ ಇಂಥದ್ದೊಂದು ಇದ್ದರೆ ಚೆನ್ನಾಗಿರುತ್ತೆ ಅಲ್ವಾ?” ಅಂದ. ಹಾಳೆ ತಿರುಗಿಸಿ ಬರೆಯೋಕೆ ಕೂತೆವು.

ನಾವು ಎಲ್ಲರಿಗೂ ಹೇಳೋದು ಮನೆಗೆಲಸ ಅರ್ಧರ್ಧ ಅಂತ. ಸುಳ್ಳಲ್ಲ. ಅಡುಗೆ ನಾನು ಮಾಡಿದರೆ ಪಾತ್ರೆ, ಬಟ್ಟೆ, ಕಸ ಅವನದು. ಆದರೆ ‘ಮಾಡೋರು’ ಅನ್ನೋ ಕಾಲಂ ಪಕ್ಕ ನಾನು ‘ನೆನಪಿಟ್ಟುಕೊಳ್ಳೋರು’ ಅಂತ ಇನ್ನೊಂದು ಕಾಲಂ ಎಳೆದೆ. ಬೇಳೆ ಮುಗೀತಾ ಬಂತು, ಇನ್ಶೂರೆನ್ಸ್ ಕಟ್ಟಬೇಕು, ಅತ್ತೆಯ ಕಣ್ಣಿನ ಚೆಕಪ್ ಯಾವಾಗ ಅಂತ ಕೇಳಬೇಕು, ಹಬ್ಬಕ್ಕೆ ಯಾರನ್ನು ಕರೆಯಬೇಕು, ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟ್, ನಾದಿನಿಯ ಹುಟ್ಟುಹಬ್ಬ. ಒಟ್ಟು 34 ಕೆಲಸ. ಎರಡನೇ ಕಾಲಂನಲ್ಲಿ 27ಕ್ಕೆ ನನ್ನ ಹೆಸರು ಬಂತು.

“ಹೇಳಿದ್ರೆ ಮಾಡ್ತೀನಲ್ಲೇ?” ಅಂದ.

“ಹೇಳೋದೂ ಒಂದು ಕೆಲಸ ಕಣೋ” ಅಂದೆ.

ಪ್ರತಿ ಭಾನುವಾರ ವಿಡಿಯೋ ಕಾಲ್‌ನಲ್ಲಿ ಎರಡೂ ಮನೆಯವರು “ಮಗು ಯಾವಾಗ?” ಅಂತ ಕೇಳ್ತಾರೆ. ಕೆಲಸ ಜಾಸ್ತಿ ಅಂತ ನಗಾಡಿ ತಪ್ಪಿಸಿಕೊಳ್ತಿದ್ದೆವು. ಅವತ್ತು ಮೊದಲ ಸಲ ಅವನಿಗೆ ಹೇಳಿದೆ: ನನಗೆ ಮಗು ಬೇಡ ಅಂತಲ್ಲ, ಈ 27ರ ಮೇಲೆ ಇನ್ನೂ 50 ಬಂದು ನನ್ನ ತಲೆಯಲ್ಲೇ ಕೂರುತ್ತಲ್ಲ, ಅದಕ್ಕೆ ಹೆದರಿಕೆ. ಅವನು ತುಂಬಾ ಹೊತ್ತು ಮಾತಾಡಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಹಾಳೆಯಲ್ಲಿ ಹತ್ತು ಕಡೆ ನನ್ನ ಹೆಸರು ಹೊಡೆದು ತನ್ನ ಹೆಸರು ಬರೆದಿದ್ದ.

ಮುಂದಿನ ದಾರಿ ಹೆದ್ದಾರಿ 20. 1972ರಲ್ಲಿ ತೆರೆದ ಈ ರಸ್ತೆ ಹಿಮ ಕುಸಿತದಿಂದಾಗಿ ಚಳಿಗಾಲ ಪೂರ್ತಿ ಮುಚ್ಚಿರುತ್ತೆ, ಹೋಗೋದಾದರೆ ಜೂನ್‌ನಿಂದ ಅಕ್ಟೋಬರ್ ಒಳಗೆ ಹೋಗಿ. 5,477 ಅಡಿಯ ವಾಷಿಂಗ್ಟನ್ ಪಾಸ್‌ನಿಂದ ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟುಕೊಂಡರೆ ಅದು ಕಾದುಹೋಗುತ್ತೆ, ಗೇರ್ ಕೆಳಗಿಳಿಸಿ ನಿಧಾನ ಇಳಿಯಬೇಕು. ಕೆಳಗೆ ಡಯಾಬ್ಲೋ ಸರೋವರ ಹಸಿರು-ನೀಲಿ. ಹಿಮನದಿಗಳು ಬಂಡೆಯನ್ನು ಹಿಟ್ಟಿನ ಹಾಗೆ ಅರೆದು ನೀರಿಗೆ ಬಿಡ್ತವೆ, ಆ ಪುಡಿಯ ಮೇಲೆ ಬೆಳಕು ಬಿದ್ದು ಆ ಬಣ್ಣ. ಕ್ಯಾಂಪ್ ಜಾಗಗಳನ್ನು ತಿಂಗಳುಗಳ ಮುಂಚೆಯೇ ಕಾದಿರಿಸಿ. ಬೇಸಿಗೆ ಕೊನೆಯಲ್ಲಿ ಕಾಡ್ಗಿಚ್ಚಿನ ಹೊಗೆ ಇರಬಹುದು, ಹೊರಡುವ ದಿನ ರಸ್ತೆ ಮಾಹಿತಿ ನೋಡಿಕೊಳ್ಳಿ. ಒಗ್ಗರಣೆ ಹಾಕುವಾಗ ಕಿಟಕಿ ತೆಗೆದಿಡಿ, ಇಲ್ಲದಿದ್ದರೆ ರಾತ್ರಿ ಇಂಗಿನ ವಾಸನೆಯಲ್ಲೇ ಮಲಗಬೇಕು!

ವಾಪಸ್ ಬಂದ ಮೇಲೆ ಹಾಳೆ ಫ್ರಿಜ್ ಮೇಲೆ ಅಂಟಿದೆ. ಒಂದು ಸಲ ಬೇಳೆ ಮುಗಿದು ಎರಡು ದಿನ ಸಾರಿರಲಿಲ್ಲ. ನೆನಪಿಸೋಕೆ ನಾಲಿಗೆ ತುರಿಸಿದರೂ ಸುಮ್ಮನಿದ್ದೆ. ಮೂರನೇ ದಿನ ಅವನೇ ಹತ್ತು ಪೌಂಡ್ ತೊಗರಿಬೇಳೆ ಹೊತ್ತು ತಂದ. ಮಗುವಿನ ವಿಚಾರ ಇನ್ನೂ ತೀರ್ಮಾನ ಆಗಿಲ್ಲ, ಆದರೆ ಈಗ ಅದನ್ನು ಇಬ್ಬರೂ ಕೂತು ಮಾತಾಡ್ತಿದ್ದೀವಿ.

ಆರ್‌ವಿ ಎಲ್ಲರಿಗೂ ಸಿಗೋದಲ್ಲ, ಬೇಕಾಗಿಯೂ ಇಲ್ಲ. ಒಂದು ಹಾಳೆ, ಒಂದು ಪೆನ್ನು ಎಲ್ಲರ ಮನೆಯಲ್ಲೂ ಇರುತ್ತೆ. ಈ ಭಾನುವಾರ ಊಟ ಆದಮೇಲೆ ಇಬ್ಬರೂ ಕೂತು ಬರೆದು ನೋಡಿ. ಎರಡನೇ ಕಾಲಂ ಎಳೆಯೋದನ್ನು ಮಾತ್ರ ಮರೀಬೇಡಿ.