ಗೊಂಬೆಯ ಬಣ್ಣಕ್ಕೆ ಪರೀಕ್ಷೆ ಇದೆ, ಹುಬ್ಬಿನ ಬಣ್ಣಕ್ಕೆ ಯಾಕಿಲ್ಲ?

ಚನ್ನಪಟ್ಟಣದವರಿಗೆ ಬಣ್ಣದ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಲೇತ್ ಮೇಲೆ ತಿರುಗುವ ಹಾಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೆ ಬಣ್ಣ ಕರಗಿ ಹತ್ತುತ್ತದೆ. ಅರಿಶಿನದಿಂದ ಹಳದಿ, ನೀಲಿ ಗಿಡದಿಂದ ನೀಲಿ. ಮಗು ಬಾಯಿಗಿಟ್ಟುಕೊಳ್ಳುವ ವಸ್ತು ಅಂತ 2021ರ ಜನವರಿ 1ರಿಂದ ದೇಶದಲ್ಲಿ ಮಾರುವ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ನೋಂದಾಯಿತ ಕುಶಲಕರ್ಮಿಗಳಿಗೆ, ಜಿಐ ಇರುವ ನಮ್ಮ ಗೊಂಬೆಗಳಿಗೆ ವಿನಾಯಿತಿ ಇದೆ, ನಿಜ. ಆದರೂ ಹೊರದೇಶಕ್ಕೆ ಹೋಗುವ ಗೊಂಬೆಯ ಬಣ್ಣದಲ್ಲಿ ಸೀಸ ಇದೆಯೇ ಅಂತ ಕೇಳದೆ ಯಾರೂ ಪೆಟ್ಟಿಗೆ ಎತ್ತುವುದಿಲ್ಲ.

ಅದೇ ಊರಿನ ಹೆಣ್ಣುಮಗಳು ಪಾರ್ಲರಿನ ಕುರ್ಚಿಯಲ್ಲಿ ಒರಗಿ, ಕಣ್ಣಿಗೆ ಒಂದು ಬೆರಳು ದೂರದಲ್ಲಿ ಚರ್ಮ ಸೀಳಿಸಿಕೊಂಡು ಬಣ್ಣ ತುಂಬಿಸಿಕೊಳ್ಳುತ್ತಾಳೆ. ಆ ಬಾಟಲಿಯಲ್ಲಿ ಏನಿದೆ ಅಂತ ಅವಳಿಗೂ ಗೊತ್ತಿಲ್ಲ, ತುಂಬುವವರಿಗೂ ಗೊತ್ತಿಲ್ಲ. ನಮ್ಮ ಜಗಳ ಇರುವುದು ಇಲ್ಲಿ.

ಮೊದಲೇ ಹೇಳಿಬಿಡುತ್ತೇವೆ, ಜಗಳ ಆ ಹೆಣ್ಣುಮಗಳ ಜೊತೆ ಅಲ್ಲ. "ಇರೋ ಹುಬ್ಬು ಸಾಲದಾ ಇವಳಿಗೆ" ಅಂತ ಅರಳಿಕಟ್ಟೆಯಲ್ಲಿ ಕುಳಿತು ಹಲ್ಲು ಕಿರಿಯುವ ಗಂಡಸರು ತಿಂಗಳಿಗೊಮ್ಮೆ ಮೀಸೆಗೆ ಡೈ ಹಚ್ಚಿಸಿಕೊಂಡು ಬರುವವರೇ. ಕ್ಯಾನ್ಸರ್ ಔಷಧಿಗೆ ಹುಬ್ಬು ಉದುರಿದವರಿದ್ದಾರೆ, ಕುಷ್ಠ ವಾಸಿಯಾದರೂ ಹುಬ್ಬು ಬಾರದವರಿದ್ದಾರೆ, ವರ್ಷಗಟ್ಟಲೆ ದಾರದಲ್ಲಿ ಕೀಳಿಸಿ ಬೋಳಾದವರಿದ್ದಾರೆ. ಇದ್ಯಾವುದೂ ಇಲ್ಲದೆ ಬರೀ ಚೆಂದಕ್ಕೆ ಬೇಕು ಅಂದರೂ ಅದು ಅವರ ಮುಖ, ಅವರ ದುಡ್ಡು. ನಮ್ಮ ಅಜ್ಜಿಯರು ಹಚ್ಚೆ ಹುಯ್ಯಿಸಿಕೊಳ್ಳಲಿಲ್ಲವೇ? ಒಂದೇ ಸೂಜಿಯಲ್ಲಿ ಇಡೀ ಕೇರಿಗೆ ಹುಯ್ದ ಕಾಲ ಅದು. ಅದನ್ನು ಈಗ ಯಾರೂ ಒಪ್ಪಬಾರದು, ಅಷ್ಟೇ.

ನಮ್ಮ ಸಿಟ್ಟು ಇರುವುದು "ಪರ್ಮನೆಂಟ್" ಅನ್ನುವ ಪದದ ಮೇಲೆ. ಅದು ಎರಡು ಕಡೆಯಿಂದಲೂ ಸುಳ್ಳು. ಬಣ್ಣ ಒಂದೆರಡು ವರ್ಷದಲ್ಲಿ, ಹೆಚ್ಚೆಂದರೆ ಮೂರು ವರ್ಷದಲ್ಲಿ ಮಾಸುತ್ತದೆ, ಕೆಲವರಿಗೆ ಕೆಂಪಗೋ ಬೂದಿ ಬಣ್ಣಕ್ಕೋ ತಿರುಗುತ್ತದೆ. ಹಾಗಂತ ಬೇಡವಾದಾಗ ಅಳಿಸಿಬಿಡೋಣ ಅಂದರೆ ಪೂರ್ತಿ ಹೋಗುವುದೂ ಇಲ್ಲ. ಕಬ್ಬಿಣದ ಆಕ್ಸೈಡ್ ಅಥವಾ ಟೈಟಾನಿಯಂ ಇರುವ ಬಣ್ಣಕ್ಕೆ ಲೇಸರ್ ಹೊಡೆದರೆ ಹೋಗುವ ಬದಲು ಇನ್ನೂ ಕಪ್ಪಾಗುವುದುಂಟು. ಇದನ್ನು ಮೊದಲೇ ಹೇಳುವ ಪಾರ್ಲರ್ ಎಷ್ಟಿವೆ? ರೀಲ್‌ನಲ್ಲಿ ಹಾಕುವುದು ಮುಗಿದ ಐದು ನಿಮಿಷಕ್ಕೆ ತೆಗೆದ ಫೋಟೊ. ಆರನೇ ದಿನ ಹಕ್ಕಳೆ ಕಟ್ಟಿದ ಹುಬ್ಬಿನ ಫೋಟೊ ಯಾರೂ ಹಾಕುವುದಿಲ್ಲ.

ಇನ್ನು ತಯಾರಿ. ಮದುವೆಗೆ ಒಂದು ವಾರ ಇದೆ ಅನ್ನುವಾಗ ಬಂದ ಹುಡುಗಿಯನ್ನು ಕೂರಿಸಿಕೊಂಡು ಮಾಡಿಬಿಡುವವರು ಕಸುಬುದಾರರಲ್ಲ. ಮೊದಲ ಸಲ ಮಾಡಿದ ಮೇಲೆ ಆರರಿಂದ ಎಂಟು ವಾರ ಬಿಟ್ಟು ಎರಡನೇ ಸಲ ತಿದ್ದಬೇಕಾಗುತ್ತದೆ. ಅಂದರೆ ಲಗ್ನಪತ್ರಿಕೆ ಅಚ್ಚಾಗುವುದಕ್ಕಿಂತ ಮೊದಲೇ, ಮೂರು ತಿಂಗಳ ಮುಂಚೆ ಯೋಚಿಸಬೇಕು. ಚಪ್ಪರದ ದಿನ ಅರಿಶಿನದ ಶಾಸ್ತ್ರಕ್ಕೆ ಕೂತಾಗ ಹಸಿ ಗಾಯದ ಮೇಲೆ ಹತ್ತಾರು ಕೈಗಳು ಅರಿಶಿನ ಬಳಿದರೆ ಏನಾದೀತು ಅಂತ ಬಿಡಿಸಿ ಹೇಳಬೇಕೇ?

ಹುಬ್ಬಿನ ತುದಿ ಕಡೆಯ ಕೂದಲು ಮಾತ್ರ ಉದುರುತ್ತಿದ್ದರೆ ಪಾರ್ಲರ್‌ಗಿಂತ ಮೊದಲು ರಕ್ತಪರೀಕ್ಷೆಗೆ ಹೋಗಿ. ಥೈರಾಯ್ಡ್ ಕಡಿಮೆಯಾದವರಿಗೆ ಹಾಗಾಗುವುದುಂಟು, ಮಾತ್ರೆಯಲ್ಲಿ ಸರಿಹೋಗುವುದಕ್ಕೆ ಸಾವಿರಗಟ್ಟಲೆ ಸುರಿಯಬೇಕಿಲ್ಲ. ಬಸುರಿಯರು, ಹಾಲೂಡಿಸುವವರು ಮುಂದೂಡಿ. ಸಕ್ಕರೆ ಕಾಯಿಲೆ ಹಿಡಿತದಲ್ಲಿ ಇಲ್ಲದವರು, ಗಾಯವಾದಲ್ಲೆಲ್ಲ ಚರ್ಮ ಗಂಟಾಗಿ ಉಬ್ಬುವವರು ಡಾಕ್ಟರ ಕೇಳದೆ ಕೂರಬೇಡಿ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಿಂದವರಿಗೆ ಆರು ತಿಂಗಳು ಕಾಯಲು ಹೇಳುವುದು ರೂಢಿ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ಹುಬ್ಬಿಗಾಗಿ ಅದನ್ನು ತಾವೇ ನಿಲ್ಲಿಸಬಾರದು, ಜೀವಕ್ಕಿಂತ ಹುಬ್ಬು ದೊಡ್ಡದಲ್ಲ. ಇನ್ನೊಂದು ವಿಷಯ ನಮ್ಮ ಹಳ್ಳಿಗಳಿಗೇ ಸೇರಿದ್ದು. ಮೆಡಿಕಲ್ ಸ್ಟೋರ್‌ನಲ್ಲಿ ಚೀಟಿಯಿಲ್ಲದೆ ತಂದು ಬೆಳ್ಳಗಾಗಲು ಹಚ್ಚುತ್ತೀರಲ್ಲ ಆ ಕ್ರೀಮು, ಅದರಲ್ಲಿ ಸ್ಟೀರಾಯ್ಡ್ ಇರುತ್ತದೆ. ವರ್ಷಗಟ್ಟಲೆ ಹಚ್ಚಿದ ಚರ್ಮ ತೆಳುವಾಗಿ ಬ್ಲೇಡಿಗೆ ತಡೆಯುವುದಿಲ್ಲ, ಬೇಗ ಮಾಯುವುದೂ ಇಲ್ಲ.

ಕುರ್ಚಿಯಲ್ಲಿ ಕೂರುವ ಮೊದಲು ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಲಿ. ಬಣ್ಣವನ್ನು ಕಿವಿಯ ಹಿಂದೆ ಒಂದು ಚುಕ್ಕೆ ಹಾಕಿ ಎರಡು ದಿನ ನೋಡಲಿ. "ಸ್ಪಿರಿಟ್‌ನಲ್ಲಿ ಒರೆಸಿದ್ದೀನಿ ಅಕ್ಕಾ" ಅಂದರೆ ಎದ್ದು ಬನ್ನಿ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದ ಕಲೆಯಲ್ಲೂ ಏಳು ದಿನ ಬದುಕಿರಬಲ್ಲದು. ಮಾಡುವ ಹುಡುಗಿಗೂ ಇದೇ ಅಪಾಯ. ಅವಳಿಗೆ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಹಾಕಿಸುವುದು ಅಂಗಡಿ ಮಾಲೀಕರ ಕೆಲಸ. ಗೋಡೆಯ ಮೇಲೆ ಫ್ರೇಮ್ ಹಾಕಿದ ಸರ್ಟಿಫಿಕೇಟ್ ಎಷ್ಟು ದಿನದ ತರಬೇತಿಯದು ಅಂತಲೂ ಕೇಳಿ. ಕೇಳಿದರೆ ಅವಮಾನವೇನಿಲ್ಲ, ಟ್ರ್ಯಾಕ್ಟರ್ ಓಡಿಸುವವನ ಲೈಸೆನ್ಸ್ ಕೇಳುವುದಿಲ್ಲವೇ?

ಈಗ ಗಾಯ ಮಾಯುವ ವಿಷಯ. ನಮಗೆ ಅತಿ ಹೆಚ್ಚು ಕೋಪ ಬರುವುದು ಇಲ್ಲೇ. ಪಾರ್ಲರ್ ಕೊಡುವ ಚೀಟಿಯಲ್ಲಿ ಬರೆದಿರುತ್ತದೆ: ಹತ್ತು ದಿನ ಬೆವರಬೇಡಿ, ಹಬೆಗೆ ಮುಖ ಒಡ್ಡಬೇಡಿ, ದೂಳು ಬಿಸಿಲು ಬೇಡ. ಸಲಹೆ ಸರಿಯಾದದ್ದೇ. ಆದರೆ ಅದನ್ನು ಬರೆದವರು ಎಸಿ ರೂಮಿನಲ್ಲಿ ಕೂರುವವರನ್ನು ನೆನೆದು ಬರೆದಿದ್ದಾರೆ. ನಮ್ಮಲ್ಲಿ ರೇಷ್ಮೆ ಬಿಚ್ಚಾಣಿಕೆಗೆ ಹೋಗುವವಳು ಇಡೀ ದಿನ ಕುದಿವ ನೀರಿನ ಹಬೆಯ ಮುಂದೆ ಇರುತ್ತಾಳೆ. ಗೊಂಬೆ ಕಾರ್ಖಾನೆಯವಳ ಮುಖಕ್ಕೆ ಮರದ ಪುಡಿ ಹಾರುತ್ತದೆ. ಕೊಟ್ಟಿಗೆಯ ಸಗಣಿ ಬಾಚುವವಳಿಗೆ ರಜೆ ಯಾರು ಕೊಡುತ್ತಾರೆ? ಇದನ್ನು ಕೇಳದೆ ದುಡ್ಡು ಎಣಿಸಿಕೊಂಡು, ಆಮೇಲೆ ಬಣ್ಣ ನಿಲ್ಲದಿದ್ದರೆ "ನೀವು ಸರಿಯಾಗಿ ನೋಡಿಕೊಳ್ಳಲಿಲ್ಲ" ಅನ್ನುತ್ತಾರೆ. ಮೊದಲ ಪ್ರಶ್ನೆಯೇ "ಏನು ಕೆಲಸ ಮಾಡ್ತೀರಾ?" ಅಂತಿರಬೇಕು. ಹತ್ತು ದಿನ ಬಿಡುವು ಸಿಗದವರಿಗೆ "ಈಗ ಬೇಡ" ಅನ್ನುವ ಪ್ರಾಮಾಣಿಕತೆ ಇರಬೇಕು.

ಮಾಡಿಸಿಕೊಂಡವರು ತಿಳಿದಿರಿ. ಮೊದಲ ಎರಡು ಮೂರು ದಿನ ಹುಬ್ಬು ಕಾಡಿಗೆ ಬಳಿದಂತೆ ಕಪ್ಪಗೆ, ಸ್ವಲ್ಪ ಊದಿಕೊಂಡಿರುತ್ತದೆ. ನಾಲ್ಕೈದನೇ ದಿನದಿಂದ ಹಕ್ಕಳೆ ಏಳುತ್ತದೆ, ತುರಿಸುತ್ತದೆ. ಕಿತ್ತರೆ ಅದರ ಜೊತೆ ಬಣ್ಣವೂ ಬರುತ್ತದೆ, ಕಲೆಯೂ ಉಳಿಯುತ್ತದೆ. ಎರಡು ಮೂರನೇ ವಾರ ನೋಡಿದರೆ ಬಣ್ಣವೇ ಇಲ್ಲವೆನಿಸುತ್ತದೆ. ಅಲ್ಲಿ ಗಾಬರಿಯಾಗಿ ಮತ್ತೆ ಚುಚ್ಚಿಸಿಕೊಳ್ಳಬೇಡಿ, ನಾಲ್ಕರಿಂದ ಆರು ವಾರಕ್ಕೆ ನಿಜವಾದ ಬಣ್ಣ ತಿಳಿಯುತ್ತದೆ. ಕೈ ತೊಳೆದುಕೊಂಡು, ಕುದಿಸಿ ಆರಿಸಿದ ನೀರಲ್ಲಿ ಅದ್ದಿದ ಶುದ್ಧ ಹತ್ತಿಯಿಂದ ಮೆಲ್ಲಗೆ ಒತ್ತಿ ಒರೆಸಿ. ಹರಳೆಣ್ಣೆ, ಸುಣ್ಣ, ಅರಿಶಿನ, ಟೂತ್‌ಪೇಸ್ಟ್ ಯಾವುದೂ ಬೇಡ. ಎಣ್ಣೆ ಸ್ನಾನ, ಕೆರೆ ಕಾಲುವೆ ಸ್ನಾನ ಎರಡು ವಾರ ಬಿಡಿ. ಮೂರನೇ ದಿನದ ಮೇಲೆ ಕಡಿಮೆಯಾಗಬೇಕಾದ ಕೆಂಪು, ನೋವು ಹೆಚ್ಚಾದರೆ, ಕೀವು ಬಂದರೆ, ಜ್ವರ ಕಾಯ್ದರೆ ಪಾರ್ಲರ್‌ಗೆ ಫೋನ್ ಮಾಡುತ್ತಾ ಕೂರದೆ ಅದೇ ದಿನ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಪಕ್ಕದಲ್ಲೇ ಕಣ್ಣಿದೆ. ಇನ್ನು, ಒಂದು ವರ್ಷ ರಕ್ತದಾನ ಮಾಡುವಂತಿಲ್ಲ. ಶಿಬಿರದಲ್ಲಿ ಕೇಳಿದರೆ ಮುಚ್ಚಿಡಬೇಡಿ.

ಸರ್ಕಾರಕ್ಕೆ ಇದು ಗೊತ್ತಿಲ್ಲವೇ? ಗೊತ್ತಿದೆ. ಟ್ಯಾಟೂ ಇಂಕ್‌ಗಳಲ್ಲಿ ಹಾನಿಕರ ಲೋಹಗಳು ಸಿಕ್ಕಿವೆ, ನಿಯಮ ಬೇಕು ಅಂತ 2025ರಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರೇ ಹೇಳಿದ್ದರು. ಯುರೋಪಿನ ಒಕ್ಕೂಟ 2022ರ ಜನವರಿಯಿಂದಲೇ ಟ್ಯಾಟೂ ಬಣ್ಣಕ್ಕೂ ಪರ್ಮನೆಂಟ್ ಮೇಕಪ್ ಬಣ್ಣಕ್ಕೂ ಸಾವಿರಾರು ರಾಸಾಯನಿಕಗಳ ಮೇಲೆ ಮಿತಿ ಹಾಕಿದೆ. ಅಲ್ಲಿ ಮಾರಲಾಗದ ಬಾಟಲಿ ಎಲ್ಲಿಗೆ ಬರುತ್ತದೆ ಅಂತ ಊಹಿಸಲು ಡಿಗ್ರಿ ಬೇಕಿಲ್ಲ.

ದೆಹಲಿ, ವಿಧಾನಸೌಧ ಮಾಡುವುದನ್ನು ಮಾಡಲಿ. ಪಾರ್ಲರ್‌ಗೆ ಉದ್ಯಮ ಪರವಾನಗಿ ಕೊಡುವುದು ನಮ್ಮ ನಗರಸಭೆ, ನಮ್ಮ ಗ್ರಾಮ ಪಂಚಾಯಿತಿ. ಚರ್ಮ ಚುಚ್ಚುವ ಅಂಗಡಿ ಬೇರೆ, ಕೂದಲು ಕತ್ತರಿಸುವ ಅಂಗಡಿ ಬೇರೆ ಅಂತ ಪರವಾನಗಿಯಲ್ಲೇ ಬರೆಯಲು ಯಾರ ಅಪ್ಪಣೆ ಬೇಕು? ಸೂಜಿ ಒಂದೇ ಬಳಕೆಯದು, ಉಳಿದ ಸಲಕರಣೆ ಆಟೋಕ್ಲೇವ್‌ನಲ್ಲಿ 121 ಡಿಗ್ರಿಗೆ ಕಾದದ್ದು, ಬಣ್ಣದ ಬಾಟಲಿಯ ಹೆಸರು, ಬ್ಯಾಚ್ ನಂಬರ್ ಗಿರಾಕಿಯ ಕೈಗೆ ಬರೆದು ಕೊಡತಕ್ಕದ್ದು, ಬಳಸಿದ ಸೂಜಿ ಗಟ್ಟಿ ಡಬ್ಬಿಯಲ್ಲಿ ಆಸ್ಪತ್ರೆ ತ್ಯಾಜ್ಯದ ಜೊತೆ ಹೋಗತಕ್ಕದ್ದು. ಈಗ ಅದು ಒದ್ದೆ ಕಸದ ಬಕೆಟ್‌ಗೆ ಬಿದ್ದು ಬೆಳಗಿನ ಜಾವ ಪೌರಕಾರ್ಮಿಕರ ಬೆರಳಿಗೆ ಚುಚ್ಚುತ್ತದೆ. ಹುಬ್ಬು ಮಾಡಿಸಿಕೊಳ್ಳದವರ ಬೆರಳಿಗೆ.

ಈ ನಾಲ್ಕು ಬೇಡಿಕೆಗಳನ್ನು ಒಂದು ಹಾಳೆಯಲ್ಲಿ ಬರೆದು ನಗರಸಭೆ ಪೌರಾಯುಕ್ತರಿಗೆ, ತಾಲ್ಲೂಕು ಆರೋಗ್ಯಾಧಿಕಾರಿಗೆ ಕೊಡುತ್ತಿದ್ದೇವೆ. ನಿಮ್ಮೂರ ಪಂಚಾಯಿತಿಗೆ ನೀವೂ ಕೊಡಿ. ಸ್ವೀಕೃತಿಯ ಸೀಲ್ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.